ಕುಲೆಗೆ ಬಡಿಸಿದ ಹಾಗೆ

ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವ ನಾನು ಕೆಲವು ವಾರ ಮನೆಯಲ್ಲಿ ಕುಲೆಗೆ ಬಡಿಸುತ್ತಿದ್ದೆ ಎಂಬುದನ್ನು ಫಾದರ್ ಅವರಿಗೆ ಇನ್ನೂ ಹೇಳಿಲ್ಲ. ನಿಮಗೆ ಹೇಳಿಬಿಡುತ್ತೇನೆ. ಕುಲೆ ಎಂದರೆ ತುಳುವಿನಲ್ಲಿ ಸತ್ತವರ ಆತ್ಮ. ನನ್ನ ಮನೆಯದಕ್ಕೆ ಮಾತ್ರ ಜೀವವಿತ್ತು, ನಾಲ್ಕು ಕಾಲೂ ಇತ್ತು.

ಬಜಪೆಯ ಕಡೆ ಬೀಗ ಹಾಕಿದ ಮನೆಯೊಂದರೊಳಗೆ ಸಿಕ್ಕಿದ ಕಪ್ಪು ನಾಯಿ ಅದು. ಪ್ರಾಣಿ ರಕ್ಷಣೆಯ ಹುಡುಗಿ ಅದನ್ನು ಫಳ್ನೀರಿನ ನನ್ನ ಫ್ಲ್ಯಾಟಿಗೆ ತಂದು, "ಸ್ವಲ್ಪ ಸಮಯ ಇಟ್ಟುಕೊಳ್ಳಿ ಆಂಟಿ. ಜನರ ಎದುರು ಊಟ ಮಾಡುವಷ್ಟಾದರೂ ಆಗಬೇಕು. ಇಲ್ಲದಿದ್ರೆ ಯಾರೂ ತಕ್ಕೊಳ್ಳುವುದಿಲ್ಲ, ಸಾಯುವವರೆಗೆ ಗೂಡೇ ಗತಿ" ಎಂದಳು. ಸರ್ವಿಸ್ ಪೂರ್ತಿ ಮಕ್ಕಳನ್ನು ಪಳಗಿಸಿದ ಟೀಚರಿಗೆ ಇದೊಂದು ನಾಯಿ ಯಾವ ಲೆಕ್ಕ ಎಂದುಕೊಂಡೆ.

ಅದು ಹಿಂದಿನ ಕೋಣೆಯ ಮಂಚದಡಿ ಸೇರಿತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಬಗ್ಗಿದರೆ ಕತ್ತಲಲ್ಲಿ ಎರಡು ಕಣ್ಣು. ಅವೂ ನನ್ನನ್ನಲ್ಲ, ನನ್ನ ಹೆಗಲ ಹಿಂದೆ ಯಾರನ್ನೋ ನೋಡುತ್ತಿದ್ದವು. ತಿರುಗಿದರೆ ಖಾಲಿ ಗೋಡೆ. ಹಾಡಹಗಲೇ ನನ್ನ ಬೆನ್ನು ತಣ್ಣಗಾಯಿತು. ಕೈ ಚಾಚಿದರೆ ಸದ್ದಿಲ್ಲದೆ ಕಚ್ಚಿತು. ಅನ್ನ ಮುಟ್ಟಲಿಲ್ಲ.

ಪಕ್ಕದ ಮನೆಯ ವಸಂತಕ್ಕ ನನ್ನ ಬ್ಯಾಂಡೇಜು ನೋಡಿ, "ಎಂತ ಟೀಚರ್, ಎದುರಿಗೆ ಕೂತು ನೋಡ್ತಾ ಇದ್ರೆ ಅದು ತಿನ್ನುವುದುಂಟಾ? ನಮ್ಮಲ್ಲಿ ಕುಲೆಗೆ ಬಡಿಸಿದ ಹಾಗೆ ಬಡಿಸಿ. ಇಟ್ಟು, ಬಾಗಿಲು ಹಾಕಿ ಹೊರಗೆ ಬರುವುದು. ಇಣುಕ್ಲಿಕ್ಕಿಲ್ಲ. ಆಮೇಲೆ ನಾವು ಬಾಗಿಲು ತಟ್ಟಿಯೇ ಒಳಗೆ ಹೋಗುವುದು" ಎಂದರು.

ಹಾಗೇ ಮಾಡಿದೆ. ಬೂತಾಯಿ ಮೀನು ಬೇಯಿಸಿ, ಮುಳ್ಳು ತೆಗೆದು, ಅನ್ನಕ್ಕೆ ಕಲಸಿಟ್ಟು ಬಾಗಿಲೆಳೆದುಕೊಂಡೆ. ಬಹಳ ಹೊತ್ತಿನ ಮೇಲೆ, ಒಳಗೆ ತಟ್ಟೆ ನೆಲದ ಮೇಲೆ ಮೆಲ್ಲಗೆ ಸರಿಯುವ ಸದ್ದು. ಮೈ ಜುಮ್ಮೆಂದು ಶಿಲುಬೆಯ ಗುರುತು ಮಾಡಿಕೊಂಡೆ. ತಟ್ಟಿ ಒಳಗೆ ಹೋದರೆ ತಟ್ಟೆ ಖಾಲಿ, ನಾಯಿ ಮಂಚದಡಿ, ಕಣ್ಣು ಅದೇ ಗೋಡೆಯ ಮೇಲೆ. ಹೀಗೇ ವಾರಗಳು ಕಳೆದವು. ನಾನು ಹೊರಗೆ ಬಾಗಿಲಿಗೊರಗಿ ಕುಳಿತು ಮೊಣಕಾಲು ನೋವಿನಿಂದ ಹಿಡಿದು ಲಿಫ್ಟು ಕೆಟ್ಟದ್ದರವರೆಗೆ ಎಲ್ಲ ಹೇಳುತ್ತಿದ್ದೆ. ಬದುಕಿರುವವರು ಯಾರೂ ನನ್ನ ಮಾತನ್ನು ಅಷ್ಟು ಹೊತ್ತು ಕೇಳಿದ್ದಿಲ್ಲ.

ನಾಳೆ ಬಂದು ನೋಡುತ್ತೇನೆ ಎಂದು ಹುಡುಗಿ ಫೋನ್ ಮಾಡಿದಳು. ಜನರ ಎದುರು ಅದಿನ್ನೂ ಒಂದು ತುತ್ತೂ ತಿಂದಿರಲಿಲ್ಲ, ಗೂಡಿನ ನೆನಪಾಯಿತು. ಆ ಸಂಜೆ ಬಡಿಸಿ ಬಾಗಿಲು ಹಾಕಿದವಳಿಗೆ ಮಾತಾಡಲು ಮನಸ್ಸಾಗಲಿಲ್ಲ, ಸುಮ್ಮನೆ ಕುಳಿತೆ. ತಟ್ಟೆ ಸರಿಯಲಿಲ್ಲ. ಆಗ ಬಾಗಿಲು ತಟ್ಟಿದ ಸದ್ದಾಯಿತು. ಒಳಗಿನಿಂದ.

ತಟ್ಟಬೇಕಾದವರು ನಾವು ಎಂದಿದ್ದರಲ್ಲ ವಸಂತಕ್ಕ? ಹೇಗೋ ತೆರೆದೆ. ನಾಯಿ ಒಂದು ಕಾಲೆತ್ತಿಕೊಂಡು ಬಾಗಿಲಲ್ಲೇ ನಿಂತಿತ್ತು. ಅನ್ನ ಹಾಗೇ ಇತ್ತು. ಮೊದಲ ಸಲ ಅದು ಗೋಡೆ ಬಿಟ್ಟು ನನ್ನನ್ನೇ ನೋಡಿತು, ತಟ್ಟೆಯ ಬಳಿ ಹೋಗಿ ಕಾದಿತು. ನಾನು ಕುಳಿತ ಮೇಲೆಯೇ ಬಾಯಿ ಹಾಕಿತು. ಸಂತೋಷಕ್ಕೆ ಅತ್ತುಬಿಟ್ಟೆ. ಮರುದಿನ ಹುಡುಗಿಯ ಎದುರೂ ತಿಂದಿತು.

ಆಮೇಲೆ ಹೊಳೆಯಿತು. ಬಾಗಿಲಾಚೆ ಕಾಣದೆ ಮಾತಾಡುತ್ತ, ಊಟದ ಹೊತ್ತಿಗೆ ಸುಳಿದು ಮಾಯವಾಗುತ್ತಿದ್ದ ಕುಲೆ ಆ ಮನೆಯಲ್ಲಿ ನಾನೇ. ಪಾಪ, ಅಷ್ಟು ದಿನ ಹೆದರಿದ್ದದ್ದು ಅದು. ಕೊನೆಗೆ ಧೈರ್ಯ ಮಾಡಿ ನನ್ನನ್ನು ಊಟಕ್ಕೆ ಕರೆದದ್ದೂ ಅದೇ.