ಎರಡು ಹೊಳೆಗಳ ಜಹಾಜು

ನಾನು ಹೊಲಿಗೆ ಅಂಗಡಿ ನಡೆಸುವವಳು. ಅಂಗಡಿಗೆ ಬರುವ ಹೆಂಗಸರು ಅಲ್ಲಿ ಏನೋ ಕಂಡಿತಂತೆ, ಇಲ್ಲಿ ಯಾರೋ ಕರೆದರಂತೆ ಎಂದು ಶುರು ಮಾಡಿದರೆ ಮಷೀನನ್ನು ಜೋರಾಗಿ ತುಳಿದು ಅವರ ಮಾತು ಮುಗಿಸಿಬಿಡುತ್ತಿದ್ದೆ. ಈಗ ಕಾಲು ತೆಗೆದು ಕೇಳಿಸಿಕೊಳ್ಳುತ್ತೇನೆ. ಯಾಕೆ ಹೀಗಾಯಿತೆಂದು ಹೇಳುತ್ತೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನನ್ನ ತವರು ಸಿಂಧನೂರು ತಾಲೂಕಿನ ಮುಕ್ಕುಂದ. ಕೊಟ್ಟ ಮನೆ ತುಂಗಭದ್ರೆಯ ಆಚೆ ದಂಡೆಯ ಊರು. ನಡುವೆ ಹೊಳೆ, ಹೊಳೆಯ ಮೇಲೆ ಈರಪ್ಪ ಕಾಕಾ. ರಕ್ತಸಂಬಂಧ ಏನೂ ಇಲ್ಲ, ಆದರೂ ಮುಕ್ಕುಂದದ ಹೆಣ್ಣುಮಕ್ಕಳಿಗೆಲ್ಲ ಆತ ಕಾಕಾನೇ. ಆತನ ತಂದೆ ಹರಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದನಂತೆ. ಆಮೇಲೆ ಎರಡು ಮರದ ದೋಣಿ ಜೋಡಿಸಿ ಮೇಲೆ ಹಲಗೆ ಬಡಿದರು; ಎತ್ತು, ಬಂಡಿ ದಾಟತೊಡಗಿದವು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಡೀಸೆಲ್ ಎಂಜಿನ್ನಿನ, ಅಗಲವಾದ ಕಬ್ಬಿಣದ ದೋಣಿ ಬಂದಿತ್ತು. ಅದರ ಮೇಲೆ ಮೋಟಾರ್‌ಸೈಕಲ್ಲು, ಭತ್ತದ ಚೀಲ, ಒಮ್ಮೊಮ್ಮೆ ಟ್ರ್ಯಾಕ್ಟರ್ ಕೂಡ ದಾಟುತ್ತಿತ್ತು. ಊರವರು ಅದಕ್ಕೆ ಚೇಷ್ಟೆಗೆ ಜಹಾಜು ಎಂದರು. ಕೊನೆಗೆ ಅದೇ ಹೆಸರಾಯಿತು.

ಮದುವೆಯಾಗಿ ನಾನು ಗಂಡನ ಮನೆಗೆ ಹೋದದ್ದು ಆ ಜಹಾಜಿನಲ್ಲೇ. ಬಸುರಿಯಾಗಿ ತವರಿಗೆ ಬಂದದ್ದು, ಮಗನನ್ನು ಎತ್ತಿಕೊಂಡು ಮರಳಿದ್ದು ಎಲ್ಲವೂ ಅದರಲ್ಲೇ. ಅಂಗಡಿ ಇಟ್ಟ ಮೇಲೆ ಸ್ಕೂಟಿ ತೆಗೆದುಕೊಂಡೆ. ಅದನ್ನೂ ಜಹಾಜಿಗೆ ಹತ್ತಿಸಿ ಸಿಂಧನೂರಿಗೆ ಹೋಗಿ ಬಟ್ಟೆ, ದಾರ ತರುತ್ತಿದ್ದೆ. ಎಂಜಿನ್ ಮುನಿಸಿಕೊಂಡರೆ ಕಾಕಾ ಅದನ್ನು ಮುದ್ದಿನಿಂದ ಬೈಯುತ್ತಿದ್ದ. "ಏ ಮುದುಕಿ, ನಮ್ಮೂರ ಮಗಳು ಕುಂತಾಳ, ಮಾನ ಕಳೀಬ್ಯಾಡ ಬೇ" ಅನ್ನುತ್ತಿದ್ದ. ಮುದುಕಿ ಮಾತು ಕೇಳುತ್ತಿತ್ತು.

ಆಮೇಲೆ ಸೇತುವೆ ಬಂತು. ಜಹಾಜನ್ನು ಮುಕ್ಕುಂದದ ಕಡೆ ದಂಡೆಗೆ ಎಳೆದು ನಿಲ್ಲಿಸಿದರು. ಮೊದಮೊದಲು ತವರಿಗೆ ಹೋದಾಗಲೆಲ್ಲ ಹೋಗಿ ನೋಡಿ ಬರುತ್ತಿದ್ದೆ. ಸೇತುವೆ ಇದ್ದದ್ದು ಅಲ್ಲಿಂದ ಸ್ವಲ್ಪ ದೂರ. ದಿನ ಕಳೆದಂತೆ ಆ ಕಡೆ ಹಾಯುವುದು ತಪ್ಪಿಹೋಯಿತು.

ಅದಾದ ಮೇಲಿನ ಒಂದು ಮಳೆಗಾಲ. ಡ್ಯಾಮಿನಿಂದ ನೀರು ಬಿಟ್ಟಿದ್ದರು. ನನ್ನ ಗಂಡ ಕೆಲಸದ ಮೇಲೆ ಪರ ಊರಿಗೆ ಹೋಗಿದ್ದ. ಬೆಳಗಿನ ಚಹಾ ಕುದಿಯುತ್ತಿರುವಾಗ ಅಣ್ಣ ಶರಣಪ್ಪನ ಫೋನ್ ಬಂತು.

"ಗಿರಿಜಾಗ ಬ್ಯಾನಿ ಹತ್ಯಾವ. ಸಿಂಧನೂರು ದವಾಖಾನಿಗೆ ಕರಕೊಂಡು ಬಂದೀವಿ. ರಕ್ತ ಬೇಕಂತ, ನಿನ್ನ ಗುಂಪಿಂದು. ಎಲ್ಲೂ ಸಿಗವಲ್ದು."

ಗಿರಿಜಾ ನನ್ನ ತಂಗಿ, ತುಂಬು ಬಸುರಿ. ನಮ್ಮಿಬ್ಬರದೂ ಅಪರೂಪದ ಗುಂಪಿನ ರಕ್ತ. ಚಹಾ ಒಲೆಯ ಮೇಲೆಯೇ ಬಿಟ್ಟು ಸ್ಕೂಟಿ ಹತ್ತಿದೆ.

ಸೇತುವೆಯನ್ನು ಅಡ್ಡಗಟ್ಟಿದ್ದರು. ಅದರ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಸುತ್ತುದಾರಿ ಹಿಡಿದರೆ ಮಧ್ಯಾಹ್ನ ದಾಟುತ್ತಿತ್ತು. ಏನು ಮಾಡಬೇಕೆಂದು ತೋಚದೆ, ಕೈ ತಾನೇ ತಿರುಗಿಸಿದಂತೆ, ಗಾಡಿಯನ್ನು ಹಳೆಯ ದೋಣಿಯ ಜಾಗಕ್ಕೆ ಇಳಿಸಿದೆ. ತುಂತುರು ಮಳೆ. ಆಚೆ ದಂಡೆ ಕಾಣುತ್ತಿರಲಿಲ್ಲ. ಅಲ್ಲಿ ನಿಂತು ಅಳುತ್ತಿದ್ದೆ. ಆಗ ಎಂಜಿನ್ ಸದ್ದು ಕೇಳಿಸಿತು. ಅದನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ.

ಮಳೆಯೊಳಗಿಂದ ಜಹಾಜು ಬಂತು. ಕಾಕಾ ತಲೆಗೆ ಟವೆಲ್ ಸುತ್ತಿಕೊಂಡು ಎಂಜಿನ್ ಪಕ್ಕ ನಿಂತಿದ್ದ. ಬೇರೆ ಯಾರೂ ಇರಲಿಲ್ಲ.

"ಗಾಡಿ ಹತ್ತಿಸು ಮಗಳ. ಹಲಗಿ ಜಾರ್ತದ, ನೋಡ್ಕೊಂಡು ಬಾ" ಅಂದ.

ಹತ್ತಿಸಿದೆ. ಗಿರಿಜಾಳ ವಿಷಯ ಹೇಳಿದೆ. ಆತ ತಲೆಯಾಡಿಸಿ ಜಹಾಜು ತಿರುಗಿಸಿದ. ಅಂಥ ಪ್ರವಾಹದಲ್ಲಿ ದೋಣಿ ಇಳಿಸಿದ್ದಾದರೂ ಹೇಗೆಂದು ನನಗೆ ಕೇಳಬೇಕೆನಿಸಲಿಲ್ಲ. ಜಹಾಜು ಒಂದು ಸಲವೂ ಅಲುಗಲಿಲ್ಲ. ಬೇಸಿಗೆಯ ತಿಳಿನೀರಿನಲ್ಲಿ ಹೋದ ಹಾಗೆ ಹೋಯಿತು. ನನಗೆ ಭಯವೇ ಆಗಲಿಲ್ಲ. ದಂಡೆ ಸೇರಿದ್ದೇ ಗಾಡಿ ಇಳಿಸಿದೆ, ತಿರುಗಿಯೂ ನೋಡದೆ ಹೊರಟೆ.

ದವಾಖಾನೆಯಲ್ಲಿ ಅಣ್ಣ ಬಾಗಿಲಲ್ಲೇ ಕಾದಿದ್ದ. ರಕ್ತ ಕೊಟ್ಟೆ. ಅಲ್ಲೇ ಮಂಚದ ಮೇಲೆ ಮಲಗಿಸಿದರು. ಗಾಢ ನಿದ್ದೆ ಬಂತು. ಎದ್ದಾಗ ಮಧ್ಯಾಹ್ನ ಕಳೆದಿತ್ತು. ಗಿರಿಜಾ ಉಳಿದಿದ್ದಳು, ಹೆಣ್ಣು ಕೂಸು ಹುಟ್ಟಿತ್ತು. ಕಣ್ಣೊರೆಸಿಕೊಂಡ ಮೇಲೆ ಅಣ್ಣನಿಗೆ ನೆನಪಾಯಿತು.

"ಅಲ್ಲಬೇ, ನೀ ಹೆಂಗ ಬಂದಿ? ಬ್ರಿಜ್ ನಿನ್ನೆ ಸಂಜಿಲಿಂದ ಬಂದ್ ಅದ."

"ಈರಪ್ಪ ಕಾಕಾ ದಾಟಿಸಿದ."

ಅಣ್ಣ ನನ್ನ ಹಣೆ ಮುಟ್ಟಿ ನೋಡಿದ. "ಕಾಕಾ ಎಲ್ಲಿದ್ದಾನ ಇಲ್ಲಿ? ಜಹಾಜು ಲಾರಿ ಮ್ಯಾಲ ಹೋಗಿ ಎಷ್ಟೋ ದಿನ ಆತು. ಲಿಂಗಸುಗೂರು ಕಡಿ, ಕೃಷ್ಣಾ ಹೊಳ್ಯಾಗ ನಡುಗಡ್ಡಿ ಮಂದಿನ್ನ ದಾಟಸಾಕತ್ತದ. ಕಾಕಾನೂ ಅದರ ಕೂಡ ಹೋಗ್ಯಾನ."

ನಾನು ಕಿಟಕಿಯಿಂದ ಹೊರಗೆ ನೋಡಿದೆ. ನನ್ನ ಸ್ಕೂಟಿ ಬೇವಿನ ಮರದ ಕೆಳಗೆ ನಿಂತಿತ್ತು. ನನ್ನ ತಲೆಯನ್ನು ನಾನು ಅನುಮಾನಿಸಬಹುದು, ಗಾಡಿಯನ್ನು ಏನೆಂದು ಅನುಮಾನಿಸಲಿ? ನೀರು ಒಂದು ಗಳಿಗೆ ಇಳಿದಿರಬೇಕು, ಗಾಬರಿಯಲ್ಲಿ ಸೇತುವೆಯ ಮೇಲೇ ಬಂದಿದ್ದೀಯ ಎಂದು ನನ್ನ ಗಂಡ ಇವತ್ತಿಗೂ ಹೇಳುತ್ತಾನೆ. ಇರಬಹುದು.

ಅಣ್ಣ ಅದೇ ಸಂಜೆ ಕಾಕಾನಿಗೆ ಫೋನ್ ಮಾಡಿ ಹೀಗಂತಾಳ ತಂಗಿ ಎಂದು ನಕ್ಕನಂತೆ. ಕಾಕಾ ನಗಲಿಲ್ಲವಂತೆ. ಮೈ ಸುಧಾರಿಸಿದ ಮೇಲೆ ಅವಳನ್ನು ಒಮ್ಮೆ ಕಳಿಸು ಎಂದಷ್ಟೇ ಹೇಳಿ ಇಟ್ಟನಂತೆ.

ಮಳೆ ನಿಂತ ಮೇಲೆ ಹೋದೆ. ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರು ಬಸ್ಸು. ಅಲ್ಲಿಂದ ಟಂಟಂ ಆಟೋ ಹಿಡಿದು ಕೃಷ್ಣೆಯ ದಂಡೆ. ಜಹಾಜಿಗೆ ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ನನ್ನನ್ನು ದಾಟಿಸಿದ ಜಹಾಜಿಗೆ ಹಳೆಯ ಹಸಿರು ಬಣ್ಣವೇ ಇತ್ತು. ಕಾಕಾ ನನ್ನನ್ನು ನೋಡಿ ಎಂಜಿನ್ ಆರಿಸಿದ. ಕೂಸಿನ ಬಗ್ಗೆ ಕೇಳಿದ, ಗಿರಿಜಾಳ ಬಗ್ಗೆ ಕೇಳಿದ. ಚಹಾ ತರಿಸಿದ. ಇಬ್ಬರೂ ಕುಡಿದು ಮುಗಿಸಿದೆವು.

"ನಾ ಬಂದಿಲ್ಲ ಮಗಳ" ಅಂದ ಕೊನೆಗೆ. "ಅವತ್ತು ಇಡೀ ದಿನ ಇಲ್ಲೇ ಇದ್ದೆ, ಬೇಕಾದ್ರ ಈ ಮಂದಿನ್ನ ಕೇಳು. ಆದ್ರ ನೀ ಬಂದಿದ್ದಿ."

"ಎಲ್ಲಿಗೆ ಕಾಕಾ?"

"ಇಲ್ಲಿಗೆ. ಮಧ್ಯಾಹ್ನ. ಖಾಲಿ ಜಹಾಜು ತಿರುಗಿಸಿಕೊಂಡು ಬರಾಕತ್ತಿದ್ದೆ. ನೋಡ್ತೀನಿ, ಎಂಜಿನ್ ಬಾಜೂಕ ನೀ ಕುಂತೀದಿ. ಗಾಡಿ ಇರಲಿಲ್ಲ. ಎಡಗೈ ಮಡಚಿ ಹಿಡಕೊಂಡಿದ್ದಿ, ಮೊಣಕೈ ಒಳಗ ಹತ್ತಿ ಅಂಟಿಸಿತ್ತು."

ನಾನು ರಕ್ತ ಕೊಟ್ಟದ್ದು ಎಡಗೈಯಿಂದಲೇ. ಅದನ್ನು ಅಣ್ಣ ಫೋನಿನಲ್ಲಿ ಹೇಳಿರಲಿಲ್ಲ. ಆಮೇಲೆ ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ನಾನು ಸಿಂಧನೂರಿನ ಮಂಚದ ಮೇಲೆ ಮಲಗಿದ್ದೆ, ನರ್ಸ್ ಪಕ್ಕದಲ್ಲೇ ಇದ್ದಳು.

ಅವತ್ತು ನಾನು ಕೇಳಿದ್ದು ಒಂದೇ: "ನಾ ನಿನ್ನ ಕೂಡ ಏನರ ಮಾತಾಡಿದೆನೇನು?"

ಕಾಕಾ ನೀರಿನ ಕಡೆ ನೋಡಿದ.

"ಎಲ್ಲಿಗೆ ಹೊಂಟಿ ಮಗಳ ಅಂತ ನಾನೇ ಕೇಳಿದೆ. ಎಲ್ಲಿಗೂ ಇಲ್ಲ ಕಾಕಾ, ಸುಮ್ಮನ ಒಂದೀಟು ಕುಂದ್ರಾಕ ಬಂದೀನಿ ಅಂದಿ."