ಹಗುರ ಮಾಡಿಸಿದ ಟ್ರಿಗರ್

ದೆವ್ವ, ಮಾಟ, ತೀರಿಕೊಂಡವರು ಬಂದು ಬಾಗಿಲು ಬಡಿದದ್ದು, ಇಂಥದ್ದನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಚಹಾದ ನೆಪ ಮಾಡಿ ಎದ್ದುಹೋಗುತ್ತಿದ್ದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು. ಸೂಪರ್‌ಸ್ಟಿಷನ್ ಮಾತಾಡಿದರೆ ನಮ್ಮ ಸಿಸ್ಟರ್‌ಗಳು ಸ್ಕೇಲಿನಿಂದ ಬೆರಳ ಗೆಣ್ಣಿಗೆ ಬಾರಿಸುತ್ತಿದ್ದರು. ಆ ಗೆಣ್ಣುಗಳಿಗೆ ಈಗ ಆರ್ಥ್ರೈಟಿಸ್ ಬಂದಿದೆ. ಈ ಸಂಗತಿ ಶುರುವಾಗುವುದೂ ಆ ಬೆರಳುಗಳಿಂದಲೇ.

ನಮ್ಮವರು ತೀರಿಕೊಂಡ ಮೇಲೆ ಕುಷ್ಟಗಿ ಹತ್ತಿರದ ದಾಳಿಂಬೆ ತೋಟ ನನಗೆ ಬಂತು. ಅವರ ಹಳೆಯ ರಿವಾಲ್ವರಿನ ಲೈಸೆನ್ಸೂ ನನ್ನ ಹೆಸರಿಗಾಯಿತು. ತೋಟದ ಮೇಲೆ ಕಣ್ಣಿದ್ದದ್ದು ಮೈದುನ ಶೇಖರಪ್ಪನಿಗೆ. ಒಂದೇ ಹಳೆಯ ಮನೆ, ನಡುವೆ ಗೋಡೆ, ದೇವರ ಜಗಲಿ ಮಾತ್ರ ಎರಡೂ ಕಡೆಯವರದು. ಎದುರಿಗೆ ಸಿಕ್ಕರೆ ಆಳುಗಳಿಗೆ ಕೇಳುವ ಹಾಗೆ, "ವೈನಿ, ಇಂಗ್ಲಿಷಿನ್ಯಾಗ ಬೈದ್ರ ಗಿಡ ಕಾಯಿ ಬಿಡ್ತಾವೇನ್ರಿ?" ಅನ್ನುತ್ತಿದ್ದ. "ನಿನ್ನ ಮಾರಿ ನೋಡಿದ್ರ ಬಿಟ್ಟ ಕಾಯೂ ಉದುರತಾವ" ಅಂತ ನಾನೂ ಅನ್ನುತ್ತಿದ್ದೆ. ನಗೆಮಾತು ಅಂದುಕೊಳ್ಳಬೇಡಿ. ಮೊದಲು ನನ್ನ ಡ್ರಿಪ್ ಪೈಪುಗಳನ್ನು ಯಾರೋ ಕುಡುಗೋಲಿನಿಂದ ಕೊಯ್ದರು. ಆಮೇಲೆ ತೋಟದ ಕಾವಲುಗಾರನ ಕೈ ಮುರಿದರು. ಮುಂದಿನ ಸರದಿ ಯಾರದು ಎಂಬುದು ನನಗೆ ಗೊತ್ತಿತ್ತು.

ರಿವಾಲ್ವರ್ ಇತ್ತು, ಆದರೆ ಅದರ ಟ್ರಿಗರ್ ಎಳೆಯಲು ನನ್ನ ಬೆರಳಿಗೆ ಆಗುತ್ತಿರಲಿಲ್ಲ. ಎರಡೂ ಕೈ ಹಚ್ಚಿದರೂ ಅರ್ಧಕ್ಕೇ ನಿಲ್ಲುತ್ತಿತ್ತು. ಗಂಗಾವತಿಯಲ್ಲಿ ಲೈಸೆನ್ಸ್ ಇದ್ದ ಒಬ್ಬ ಬಂದೂಕು ರಿಪೇರಿಯವನ ಹತ್ತಿರ ಒಯ್ದೆ. ಮಹಾ ಬಡಾಯಿ ಮನುಷ್ಯ, ಮಾತಿಗೊಮ್ಮೆ ಮೀಸೆ ತಿರುವುತ್ತಿದ್ದ. "ಸ್ಪ್ರಿಂಗ್ ಸಡಲ ಮಾಡೂದು ಯಾರ್ ಬೇಕಾದ್ರೂ ಮಾಡ್ತಾರ ಬಾಯೀರ. ಭಾಳ ಸಡಲ ಆತಂದ್ರ ಟ್ರಿಗರ್ ಬೆಣ್ಣಿ ಆಗತೈತಿ, ಖರೆ, ಗುಂಡು ಹಾರದ ಹುಸಿ ಹೋಗತೈತಿ. ಹಗುರೂ ಆಗಬೇಕು, ಹುಸೀನೂ ಹೋಗಬಾರ್ದು. ಅದು ನನ್ನ ಕೈಲಿಂದ ಅಷ್ಟ!" ಎಂದ. ಬಡಾಯಿ ಸುಳ್ಳಾಗಲಿಲ್ಲ. ಕೆಲಸ ಮುಗಿಸಿ ಕೊಟ್ಟಾಗ ನನ್ನ ಸೊಟ್ಟ ಬೆರಳಿಗೂ ಟ್ರಿಗರ್ ನಯವಾಗಿ ಬಗ್ಗಿತು. ಅವನೆದುರೇ ಹಾರಿಸಿ ನೋಡಿದೆವು, ಒಂದೂ ಹುಸಿ ಹೋಗಲಿಲ್ಲ.

ಆ ವರ್ಷ ಮಹಾನವಮಿಗೆ ಎಂದಿನಂತೆ ಖಂಡೇ ಪೂಜೆ. ಎರಡೂ ಮನೆಯ ಕುಡುಗೋಲು, ಕೊಡಲಿ, ಕಳೆ ತೆಗೆಯುವ ಕುರ್ಚಿಗೆ ಎಲ್ಲವನ್ನೂ ಒಂದೇ ಜಗಲಿಯ ಮೇಲಿಟ್ಟು ಪೂಜೆ ಮಾಡುವುದು ನಮ್ಮಲ್ಲಿಯ ಪದ್ಧತಿ. ಮಾತು ಬಿಟ್ಟವರೂ ಆಯುಧ ಇಡುವುದನ್ನು ಬಿಡುವುದಿಲ್ಲ. ಇಟ್ಟದ್ದನ್ನು ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಎತ್ತಬಾರದು. ನಾನು ರಿವಾಲ್ವರನ್ನು ಗುಂಡು ತೆಗೆಯದೆಯೇ ಇಟ್ಟೆ. ಗೋಡೆಯಾಚೆ ಅಂಥ ಮೈದುನ ಇರುವಾಗ ಖಾಲಿ ರಿವಾಲ್ವರಿಗೆ ಕುಂಕುಮ ಹಚ್ಚಿ ಏನು ಪ್ರಯೋಜನ?

ಮರುದಿನ, ದಸರೆಯ ಮಧ್ಯಾಹ್ನ, ಶೇಖರಪ್ಪ ಉರಿಯುತ್ತ ಬಂದ. ತೋಟಕ್ಕೆ ತಂತಿಬೇಲಿ ಹಾಕಿಸಲು ನಾನು ಕಂಬ ನೆಡಿಸಿದ್ದೆ. "ನಮ್ಮಪ್ಪನ ಭೂಮ್ಯಾಗ ನನಗ ಬೇಲಿ ಹಾಕ್ತೀರಿ? ಗಂಡಿಲ್ಲದಾಕಿಗಿ ಎಷ್ಟ್ ಸೊಕ್ಕು!" ಎಂದ. ನಾನೂ ಬಿಡಲಿಲ್ಲ. "ನಿಮ್ಮಣ್ಣ ಇದ್ದಾಗ ಬಾಲ ಮುದುರಿಕೊಂಡಿದ್ದಿ. ಈಗ ಗಂಡಸ ಆದಿಯೇನು?" ಎಂದೆ.

ಅವನು ಜಗಲಿಗೆ ಕೈ ಹಾಕಿ ರಿವಾಲ್ವರ್ ಎತ್ತಿದ. ನನ್ನ ಎದೆಗೆ ಹಿಡಿದು ಟ್ರಿಗರ್ ಎಳೆದ.

ಎಳೆದ ಎಂದು ಖಚಿತವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಅವನ ಬೆರಳು ಬೆಳ್ಳಗಾದದ್ದನ್ನು ಕಂಡೆ. ಬಾವಿಗೆ ಬಿದ್ದ ಎಮ್ಮೆಯನ್ನು ಹಗ್ಗ ಹಾಕಿ ಎಳೆದ ಕೈ ಅದು. ಟ್ರಿಗರ್ ಅಲುಗಲಿಲ್ಲ. ಇನ್ನೊಂದು ಕೈಯ ಬೆರಳನ್ನೂ ಸೇರಿಸಿದ, ಹಲ್ಲು ಕಚ್ಚಿದ, ಕುತ್ತಿಗೆಯ ನರ ಉಬ್ಬಿತು. ಊಹೂಂ. ನನ್ನ ನೆಗೆಣ್ಣಿ ಗಂಗವ್ವ, ಅವನ ಹೆಂಡತಿ, ಹೋಳಿಗೆಯ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದು, "ಏ ಮತಿಗೇಡಿ, ಪೂಜಿಗಿಟ್ಟದ್ದು ಕೆಳಗಿಡೂ!" ಎಂದು ಚೀರಿದಳು. ಅವನು ಕೆಂಡ ಹಿಡಿದವನಂತೆ ಅದನ್ನು ಜಗಲಿಯ ಮೇಲೆ ಬಿಟ್ಟ. ಬೆವರುತ್ತಿದ್ದ.

ನಾನು ಅದನ್ನೆತ್ತಿಕೊಂಡು ಅಂಗಳದಲ್ಲಿದ್ದ ಮಣ್ಣಿನ ಗುಡ್ಡೆಗೆ ಗುರಿಹಿಡಿದೆ. ಬೆರಳು ಇಟ್ಟದ್ದಷ್ಟೇ ನೆನಪು. ಢಂ ಎಂದಿತು. ಗೂಡಿನ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು.

ಪೂಜೆಗಿಟ್ಟದ್ದನ್ನು ಬನ್ನಿಗೆ ಮೊದಲು ಎತ್ತಿದ್ದಕ್ಕೇ ಹೀಗಾಯಿತೆಂದು ಗಂಗವ್ವ ಇವತ್ತಿಗೂ ಹೇಳುತ್ತಾಳೆ. ಆದರೆ ಬನ್ನಿಗೆ ಮೊದಲು ನಾನೂ ಎತ್ತಿದೆನಲ್ಲ? ನನಗೇಕೆ ಹಾರಿತು? ಲಾಕ್ ಆಗಿರಬಹುದು ಎನ್ನುವಿರಿ. ನಮ್ಮ ಹಳೆಯ ರಿವಾಲ್ವರಿಗೆ ಅಂಥ ಲಾಕೇ ಇಲ್ಲ. ಒಳಗೆ ಕುಂಕುಮ ಸಿಕ್ಕಿರಬಹುದೆಂದು ಗಂಗಾವತಿಯವನು ಪೂರ್ತಿ ಬಿಚ್ಚಿ ನೋಡಿದ. ಒಂದು ಕಣವೂ ಇರಲಿಲ್ಲ. "ನಿಮ್ಮ ಮೈದುನ ಎಳದೇ ಇಲ್ಲ ಬಿಡ್ರಿ, ನಾಟಕ ಮಾಡ್ಯಾನ. ನನ್ನ ಕೆಲಸ ಪಕ್ಕಾ ಐತಿ" ಎಂದು ಮೀಸೆ ತಿರುವಿದ. ಅವನು ಆ ಬೆರಳನ್ನು ನೋಡಿರಲಿಲ್ಲ.

ಬೇಲಿ ಆಯಿತು. ಶೇಖರಪ್ಪ ಮತ್ತೆಂದೂ ತೋಟಕ್ಕೆ ಕಾಲಿಡಲಿಲ್ಲ. ಹಾಗಂತ ನಾವು ರಾಜಿಯಾದೆವು ಎಂದುಕೊಳ್ಳಬೇಡಿ. ಅವನ ನೆರಳು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಆ ದಿನ ಟ್ರಿಗರಿನ ಹಿಂದೆ ಇನ್ನೊಂದು ಬೆರಳು ಅಡ್ಡ ಇತ್ತಂತೆ, ಬೆಚ್ಚಗಿತ್ತಂತೆ. ಕುಷ್ಟಗಿಯ ಚಹಾದಂಗಡಿಯಲ್ಲಿ ಕೂತು ಅವನು ಹೇಳುವುದು ಇಷ್ಟು: "ನಮ್ಮಣ್ಣ ಬಂದಿದ್ದ. ತಮ್ಮ ಜೇಲಿಗಿ ಹೋಗಬಾರ್ದು ಅಂತ ಹಿಡದಾ."

ಸುದ್ದಿ ನನಗೆ ಮುಟ್ಟಿದಾಗ ನಾನ್ಸೆನ್ಸ್ ಎನ್ನಬೇಕಿತ್ತು, ಕಾನ್ವೆಂಟಿನವಳಲ್ಲವೇ. ನನ್ನ ಬಾಯಿಂದ ಬಂದದ್ದು ಬೇರೆ. "ಅವರು ಬಂದಿದ್ದು ನನ್ನ ಸಲುವಾಗಿ ಅಂತ ಹೇಳ್ರಿ ಹೋಗ್ರಿ ಅವಗ" ಎಂದು, ಸುದ್ದಿ ತಂದವಳನ್ನು ಆ ಕ್ಷಣವೇ ವಾಪಸು ಕಳಿಸಿದೆ.