ಮೂರನೇ ಕೋಟು

ನಮ್ಮ ದೊಡ್ಡಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ ಹೇಳುವುದೇ ಒಂದು ಫಜೀತಿ. ಅವರು ಚಿತ್ರ ಬರೆಯುವವರಲ್ಲ, ಬರೆಯುವವರಿಗೆ ಹಲಗೆ ಹದ ಮಾಡಿಕೊಡುವವರು. ಹಳೆಯ ಬಾಗಿಲು, ತಗಡು, ರಟ್ಟು, ಏನೇ ತಂದುಕೊಟ್ಟರೂ ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಿ, ಬಿಳಿ ಪ್ರೈಮರ್ ಬಳಿಯುತ್ತಿದ್ದರು. ಅದರ ಮೇಲೆ ಬಟ್ಟೆ, ಕಾಗದ, ಬಣ್ಣ, ಏನು ಬೇಕಾದರೂ ಹಿಡಿದು ನಿಲ್ಲುತ್ತಿತ್ತು. ಅಮ್ಮನ ಅಕ್ಕ ಅವರು. ನಮ್ಮ ಮನೆಯ ಹಿಂದಿನ ಶೆಡ್ಡೇ ಅವರ ಲೋಕ.

ಮದುವೆಯಾದ ವರ್ಷವೇ ಗಂಡನ ಮನೆ ಬಿಟ್ಟು ಬಂದಿದ್ದರು. "ಅತ್ತೆ ನನ್ನನ್ನ ಉಗ್ರಾಣಕ್ಕೆ ತಳ್ಳಿ ಎರಡು ದಿನ ಚಿಲಕ ಹಾಕಿದ್ರು" ಎಂದರೆ ಮನೆಯಲ್ಲಿ ಒಬ್ಬರೂ ನಂಬಲಿಲ್ಲ. ಅಷ್ಟು ಮರ್ಯಾದಸ್ಥ ಜನ ಹಾಗೆ ಮಾಡುತ್ತಾರೆಯೇ? "ಅಕ್ಕ ರೈಲು ಬಿಡ್ತಾಳೆ" ಎಂದು ಅಮ್ಮ ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಸುಳ್ಳೇಕೆ ಹೇಳಲಿ. ದೊಡ್ಡಮ್ಮ ಮಾತ್ರ ನಲವತ್ತು ವರ್ಷ ಅದೇ ಮಾತನ್ನು ಒಂದಕ್ಷರ ಬದಲಿಸದೆ ಹೇಳಿದರು. ಯಾರಾದರೂ ಒಬ್ಬರು ಹೌದು ಅನ್ನಲಿ ಎಂಬುದಷ್ಟೇ ಅವರ ಆಸೆ.

ಒಂದು ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರು ಗುಜರಿಯಲ್ಲಿ ಸಿಕ್ಕ ಬಾಗಿಲೊಂದನ್ನು ಹೊರಿಸಿಕೊಂಡು ಬಂದರು. ಶುಕ್ರವಾರ ಅವರ ಪ್ರದರ್ಶನ. ನಾನೂ ದೊಡ್ಡಮ್ಮನೂ ಬಾಗಿಲು ಉಜ್ಜಿ ಮೊದಲ ಕೋಟು ಬಳಿದೆವು. ಒಣಗಿದ ಮೇಲೆ ನೋಡಿದರೆ ನಡುವೆ ಹಳದಿ ಅಂಗೈ ಗುರುತು!

"ಎಣ್ಣೆ ಕಣೇ. ಮರ ಕುಡಿದಿರೋದು ಮೇಲೆ ಬರುತ್ತೆ. ಇನ್ನೊಂದು ಕೋಟು ಬಳಿದ್ರೆ ಹೋಗ್ಬಹುದು" ಎಂದರು ದೊಡ್ಡಮ್ಮ.

ಎರಡನೇ ಕೋಟು ಒಣಗುವಾಗ ಶೆಡ್ಡಿನಲ್ಲಿ ನಾನೊಬ್ಬಳೇ ಇದ್ದೆ. ಗಾಳಿಯ ಸುಳಿವಿರಲಿಲ್ಲ. ಆದರೂ ಗೋಡೆಗೊರಗಿಸಿದ ಬಾಗಿಲು ಸಣ್ಣಗೆ ಅದುರುತ್ತಿತ್ತು. ಮುಚ್ಚಿಹೋಗಿದ್ದ ಅಂಗೈ ಮತ್ತೆ ಬಂತು. ನನ್ನ ಕಣ್ಣೆದುರೇ ಅದರ ಪಕ್ಕದಲ್ಲಿ ಇನ್ನೊಂದು ಮೂಡಿತು, ಬೆರಳು ಬೆರಳಾಗಿ. ಆಮೇಲೆ ಎರಡರ ನಡುವೆ, ಸ್ವಲ್ಪ ಮೇಲೆ, ದುಂಡನೆಯ ಕಲೆ. ಯಾರೋ ಬಾಗಿಲಿಗೆ ಹಣೆಯೊತ್ತಿ ನಿಂತ ಹಾಗಿತ್ತು. ಅಯ್ಯಪ್ಪಾ!

ಕೂಗಿದೆ. ದೊಡ್ಡಮ್ಮ ಬಂದರು. ಎರಡೂ ಕೈಗಳನ್ನು ಆ ಗುರುತುಗಳ ಮೇಲಿಟ್ಟು ಹಣೆ ತಾಗಿಸಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಅವತ್ತು ಉಗ್ರಾಣಕ್ಕೆ ತಳ್ಳಿದಾಗ ತಲೆಗೆ ಎಣ್ಣೆ ಹಚ್ಕೊಳ್ತಿದ್ದೆ" ಎಂದರು.

ಆಮೇಲೆ ಅರಗಿನ ಪಾಲಿಶ್ ಡಬ್ಬಿ ತೆರೆದರು. ಅದನ್ನು ಬಳಿದು ಮೇಲೆ ಪ್ರೈಮರ್ ಹಾಕಿದರೆ ಎಂಥ ಕಲೆಯೂ ಮತ್ತೆ ಏಳುವುದಿಲ್ಲ. ನಾನು ಅವರ ಕೈ ಹಿಡಿದುಕೊಂಡೆ.

"ಬೇಡ ದೊಡ್ಡಮ್ಮ! ಮೊದಲು ಅಮ್ಮನಿಗೆ ತೋರಿಸೋಣ!"

"ಯಾಕೆ? ನಲವತ್ತು ವರ್ಷ ನಾನು ಹೇಳಿದ್ದು ಸಾಲ್ಲಿಲ್ಲ, ಈಗ ಬಾಗಿಲು ಬಂದು ಸಾಕ್ಷಿ ಹೇಳ್ಬೇಕಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡು ಬ್ರಷ್ ಅದ್ದಿದರು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಮೂರನೇ ಕೋಟು ಬಿದ್ದ ಮೇಲೆ ಬಾಗಿಲು ಹಾಲಿನ ಹಾಗೆ ಬೆಳ್ಳಗಾಯಿತು. ಮೇಷ್ಟ್ರು ಖುಷಿಯಾಗಿ ತೆಗೆದುಕೊಂಡು ಹೋದರು.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ಆಣೆ ಇಟ್ಟು ಹೇಳಿದೆ. ಅಮ್ಮ ನನ್ನ ಮುಖ ನೋಡಿ ಗೊಳ್ಳೆಂದು ನಕ್ಕಳು.

"ಸರಿಹೋಯ್ತು, ನೀನೂ ಶುರು ಮಾಡ್ಕೊಂಡ್ಯಾ?"